ಇನ್ವರ್ಟರಿಗೆ ಕೊಟ್ಟ ರಜೆ

ನನಗೊಂದು ಕೆಟ್ಟ ಚಾಳಿಯಿದೆ. ಮನೆಗೆ ಹೊಸ ಸಾಮಾನು ಏನು ಬಂದರೂ ಅದನ್ನು ನಾನೇ ಕಂಡುಹಿಡಿದವನಂತೆ ನಾಲ್ಕು ಜನರ ಮುಂದೆ ಕೊಚ್ಚಿಕೊಳ್ಳುತ್ತೇನೆ. ಇನ್ವರ್ಟರ್ ಬಂದಾಗಲಂತೂ ಕೇಳಲೇಬೇಡಿ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕರೆಂಟು ಹೋದದ್ದು ಮೊದಲು ತಿಳಿಯುವುದು ಕಿವಿಗೆ. ಬೀದಿಯುದ್ದಕ್ಕೂ ಖಟಖಟ ಎನ್ನುತ್ತಿದ್ದ ಮಗ್ಗಗಳು ಗಕ್ಕನೆ ನಿಲ್ಲುತ್ತವೆ. ಆಗ ನಾನು ಬೇಕೆಂದೇ ಬಾಗಿಲು ತೆರೆದು, ತಿರುಗುವ ಫ್ಯಾನಿನ ಕೆಳಗೆ ಪೇಪರ್ ಹಿಡಿದು ಕೂರುತ್ತಿದ್ದೆ. ಪಕ್ಕದ ಮನೆಯ ನಸ್ರೀನ್ ಅವರ ಹಳೇ ಇನ್ವರ್ಟರ್ ಅಂಥ ಹೊತ್ತಿನಲ್ಲೆಲ್ಲ ಕುಂಯ್ ಕುಂಯ್ ಎನ್ನುತ್ತದೆ. ಅದಕ್ಕೆ ಪಿಂಚಣಿ ಕೊಟ್ಟು ಕಳಿಸಿ ಎಂದು ಕಾಂಪೌಂಡಿನ ಈಚೆಯಿಂದ ಪುಕ್ಕಟೆ ಸಲಹೆ ಕೊಟ್ಟವನೂ ನಾನೇ.

ನಮ್ಮ ಇನ್ವರ್ಟರನ್ನು ನಂಬಿಯೇ ನನ್ನ ಹೆಂಡತಿ ಸುಧಾ ಆನ್‌ಲೈನಿನಲ್ಲಿ ಕಸೂತಿ ಕಲಿಸುವ ಧೈರ್ಯ ಮಾಡಿದ್ದು. ಇಪ್ಪತ್ತು ವರ್ಷ ನನ್ನ ಅಂಗಿಗಳ ಗುಂಡಿ ಹೊಲಿದ ಕೈಗೆ ಮೊದಲ ಸಲ ಆರು ಜನ ವಿದ್ಯಾರ್ಥಿನಿಯರು ಸಿಕ್ಕಿದ್ದರು. ನಂದಗುಡಿಯ ಒಬ್ಬಾಕೆಯಂತೂ ಹಸುಗಳ ಕೆಲಸ ಮುಗಿಸಿ ಹನ್ನೊಂದಕ್ಕೆ ಸರಿಯಾಗಿ ಕೂರುತ್ತೇನೆ ಅಂದಿದ್ದಳು. ಸುಧಾ ಒಂದು ವಾರದಿಂದ ಕನ್ನಡಿಯ ಮುಂದೆ ನಿಂತು, ಎಲ್ಲರಿಗೂ ನನ್ನ ಸೂಜಿ ಕಾಣ್ತಿದೆಯಾ ಎಂದು ಕೇಳಿ ಕೇಳಿ ಅಭ್ಯಾಸ ಮಾಡಿದ್ದಳು. ಕರೆಂಟು ಹೋದರೆ ಏನ್ರೀ ಗತಿ ಎಂದು ಅವಳು ಕೇಳಿದಾಗ, ಇನ್ವರ್ಟರ್ ಇದೆಯಲ್ಲ ಎನ್ನುವ ಬದಲು ನಾನಿದ್ದೀನಲ್ಲ ಎಂದುಬಿಟ್ಟಿದ್ದೆ.

ಮೊದಲ ಕ್ಲಾಸಿನ ದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮಗ್ಗಗಳು ನಿಂತವು. ನಾನು ಮುಗುಳ್ನಗುತ್ತಾ ಫ್ಯಾನಿನ ಕಡೆ ನೋಡಿದೆ. ಅದೂ ನಿಂತಿತ್ತು. ವೈಫೈ ಡಬ್ಬಿಯ ದೀಪವೂ ಆರಿತ್ತು. ಸುಧಾ ಬೈದಿದ್ದರೆ ಎಷ್ಟೋ ವಾಸಿಯಿತ್ತು, ಅವಳ ಕಣ್ಣಲ್ಲಿ ನೀರು ನಿಂತಿತ್ತು. ಬ್ಯಾಟರಿಯ ನೀರು ನೋಡಿದೆ, ವೈರು ಅಲ್ಲಾಡಿಸಿದೆ, ಇನ್ವರ್ಟರಿನ ತಲೆ ಮೊಟಕಿದೆ. ನಮ್ಮ ಗಲಾಟೆ ಕೇಳಿ ನಸ್ರೀನ್ ಕಾಂಪೌಂಡಿನಾಚೆಯಿಂದ ಇಣುಕಿದರು.

"ಸುಧಾ, ಎಲ್ಲಾ ಎತ್ಕೊಂಡು ಇಲ್ಲಿಗೇ ಬಂದ್ಬಿಡು. ನಮ್ಮನೇಲಿ ನೆಟ್ ಬರ್ತಾ ಐತೆ."

ಸುಧಾ ಫೋನು, ಸೂಜಿ, ದಾರ ಎಲ್ಲವನ್ನೂ ಸೆರಗಿಗೆ ಸುರಿದುಕೊಂಡು ಓಡಿದಳು. ನಾನು ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದೆ. ತೂಬಗೆರೆಯಲ್ಲಿ ಯಾರದೋ ಮನೆಯ ಏಣಿ ಹತ್ತಿದ್ದ ಅವನು ಅಲ್ಲಿಂದಲೇ, ಇನ್ವರ್ಟರಿನ ಮುಂಭಾಗದ ಸ್ವಿಚ್ ನೋಡಿ ಸಾರ್ ಎಂದ. ಸ್ವಿಚ್ಚಿನ ಮೇಲೆ ಒಣಗಿದ ಚೆಂಡುಹೂವಿನ ಹಾರ ಬಿದ್ದಿತ್ತು. ಹಾರ ಸರಿಸಿದಾಗ ಎಲ್ಲ ನೆನಪಾಯಿತು. ಆಯುಧಪೂಜೆಯ ದಿನ ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಿ ಕುಂಕುಮ ಹಚ್ಚಿದ್ದು ನೋಡಿ, ಪಾಪ, ಇದಕ್ಕೂ ಒಂದು ದಿನ ರಜೆ ಇರಲಿ ಎಂದು ನಾನೇ ಹಾರ ಹಾಕಿ ಆಫ್ ಮಾಡಿದ್ದೆ. ಮಗ್ಗದವರು ಹಬ್ಬ ಮುಗಿದೊಡನೆ ಕೆಲಸ ಶುರು ಮಾಡಿದರು, ನಾನು ಮರೆತೆ. ಆಮೇಲೆ ಮೂರು ವಾರ ಕರೆಂಟೇ ಹೋಗದಿದ್ದಾಗ, ಕರೆಂಟು ನಮ್ಮ ಇನ್ವರ್ಟರಿಗೆ ಹೆದರಿಕೊಂಡಿದೆ ಎಂದು ಅದನ್ನೂ ಕೊಚ್ಚಿಕೊಂಡಿದ್ದೆ.

ಸ್ವಿಚ್ ಒತ್ತಿದೆ, ಫ್ಯಾನು ತಿರುಗಿತು. ಈ ಶುಭ ಸಮಾಚಾರ ಹೇಳಲು ಬನಿಯನ್ನಿನಲ್ಲೇ, ಕೈಯಲ್ಲಿ ಒಣ ಹಾರ ಹಿಡಿದು ನಸ್ರೀನ್ ಮನೆಗೆ ನುಗ್ಗಿದೆ. ಫೋನಿನೊಳಗಿಂದ ಆರು ಮುಖಗಳು ನನ್ನನ್ನೇ ನೋಡಿದವು. ಸುಧಾ ತಲೆ ಎತ್ತದೆ, "ಇವರು ನಮ್ಮನೆಯವರು. ಎಲ್ಲರಿಗೂ ನನ್ನ ಸೂಜಿ ಕಾಣ್ತಿದೆಯಾ?" ಎಂದಳು.

"ಕಾಣ್ತೈತೆ ಮೇಡಂ" ಎಂದಳು ನಂದಗುಡಿಯವಳು.

ಸುಧಾಳನ್ನು ಯಾರಾದರೂ ಮೇಡಂ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಬನಿಯನ್ನಿನ ನಾಚಿಕೆಯೇ ಮರೆತುಹೋಯಿತು.

ಈಗ ನಸ್ರೀನ್ ಏಳನೆಯ ವಿದ್ಯಾರ್ಥಿನಿ. ನಮ್ಮ ಇನ್ವರ್ಟರ್ ಸರಿಯಾಗಿದೆ ಎಂದು ನಾನು ಎಷ್ಟು ಹೇಳಿದರೂ ಕ್ಲಾಸು ನಡೆಯುವುದು ಅವರ ಮನೆಯಲ್ಲೇ. ಆ ಕುಂಯ್ ಕುಂಯ್ ಇನ್ವರ್ಟರಿನ ಬ್ಯಾಟರಿಗೆ ತಿಂಗಳಿಗೊಮ್ಮೆ ನೀರು ತುಂಬುವ ಕೆಲಸವನ್ನು ನನಗೆ ವಹಿಸಿದ್ದಾರೆ. ಸ್ವಿಚ್ ಮಾತ್ರ ಮುಟ್ಟಕೂಡದು ಎಂಬ ಷರತ್ತಿನ ಮೇಲೆ.