ಕಾಟುವಿನ ಅಪ್ಪ ಯಾರು?

ಊಹೆಯನ್ನು ಸತ್ಯವೆಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸೀತಾಂಗೋಳಿಯ ಒಂದು ಮಸಾಲೆ ಪುಡಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ನನ್ನ ಕೆಲಸ. ಯಾರಾದರೂ ಮೆಣಸಿನ ಪುಡಿಯನ್ನು ಮೂಸಿ "ಒಳ್ಳೆದುಂಟು" ಎಂದರೆ, "ಪರೀಕ್ಷೆ ಆಗಿದೆಯಾ?" ಎಂದು ಕೇಳುವವನು ನಾನು. ಹೀಗಿರುವವನ ಮನೆಗೇ ಒಂದು ನಾಯಿಮರಿ ಬರಬೇಕೇ? ಮನೆಯಲ್ಲಿ ಮಿಶ್ರತಳಿಯ ಮರಿಯೊಂದಿದ್ದರೆ ಸಾಕು, ಊಹೆಗಳು ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತವೆ.

೧. ಗೇಟಿನ ಒಳಗೆ, ಗೇಟಿನ ಹೊರಗೆ

ನಾವಿರುವುದು ಉಪ್ಪಳದಲ್ಲಿ, ಹೆದ್ದಾರಿಗೆ ತಾಗಿದ ಫ್ಲ್ಯಾಟಿನಲ್ಲಿ. ಅಲ್ಲಿನ ಸಂಘಕ್ಕೆ ನಾನೇ ಕಾರ್ಯದರ್ಶಿ. ಸಂಘದ ನಿಯಮಗಳಲ್ಲೊಂದು: ಸಾಕುವುದಾದರೆ ಜಾತಿ ನಾಯಿ ಮಾತ್ರ, ಊರ ನಾಯಿಗೆ ಪ್ರವೇಶವಿಲ್ಲ. ಇದನ್ನು ಪಾಸು ಮಾಡಿಸಿದವರು ನಮ್ಮ ಅಧ್ಯಕ್ಷರು. ಬಹಳ ವರ್ಷ ದುಬೈಯಲ್ಲಿದ್ದು ಬಂದ ತುಳು ಮನುಷ್ಯ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸ್ವರ. ನನಗೆ ಆ ನಿಯಮ ಸರಿ ಕಂಡಿರಲಿಲ್ಲ, ವಿರೋಧವಾಗಿ ಕೈ ಎತ್ತಿದ್ದೆ. ಆದರೆ ಬಹುಮತದಿಂದ ಪಾಸಾದ ಮೇಲೆ ಇಷ್ಟವಿದ್ದರೂ ಇಲ್ಲದಿದ್ದರೂ ಪಾಲಿಸಬೇಕು. ಇಲ್ಲವಾದರೆ ಸಂಘ ಯಾಕೆ?

ನಮ್ಮ ಗೇಟಿನ ಹೊರಗೆ ಕಂದು ಬಣ್ಣದ ಒಂದು ಹೆಣ್ಣು ನಾಯಿ ಇದೆ. ಅಧ್ಯಕ್ಷರಿಗೆ ಅದರ ಮೇಲೆ ಪ್ರಾಣ. ದಿನಾ ಬೆಳಿಗ್ಗೆ ವಾಕಿಂಗಿಗೆ ಹೊರಟವರು ಜೇಬಿನಿಂದ ಬಿಸ್ಕೆಟ್ ತೆಗೆದು, "ಬಾ ತಂಗಡಿ, ಬಾ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕರೆಯುತ್ತಾರೆ. ತಂಗಡಿ ಎಂದರೆ ತುಳುವಿನಲ್ಲಿ ತಂಗಿ. ಗೇಟಿನ ಹೊರಗೆ ಪ್ರೀತಿ, ಗೇಟಿನ ಒಳಗೆ ನಿಯಮ.

ಆ ನಾಯಿ ಮರಿ ಹಾಕಿತು. ಹೊಸ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಓಡುವ ಗಾಡಿಗಳಿಗೆ ಮರಿಗಳ ಲೆಕ್ಕವಿಲ್ಲ. ಒಂದೊಂದೇ ಹೋಗಿ, ಕೊನೆಗೆ ಒಂದು ಉಳಿಯಿತು. ನನ್ನ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

"ನಿಯಮ ಉಂಟು," ಎಂದೆ.

"ಹೊರಗೆ ಲಾರಿ ಉಂಟು," ಎಂದಳು.

ಕಾರ್ಯದರ್ಶಿಯ ಕರ್ತವ್ಯವೆಂದು ನಾನೇ ಹೋಗಿ ಅಧ್ಯಕ್ಷರಿಗೆ ವಿಷಯ ತಿಳಿಸಿದೆ. ಅವರು ಮೀಸೆ ತಿರುವಿ ಯೋಚಿಸಿದರು. "ತಾಯಿ ಊರ ನಾಯಿ, ಅದು ಎಲ್ಲರಿಗೂ ಗೊತ್ತುಂಟು ಸಾರ್. ಆದ್ರೆ ಅಪ್ಪ ಜಾತಿ ನಾಯಿ ಅಂತ ನೀವು ಪ್ರೂಫ್ ಕೊಟ್ರೆ ಮರಿ ಇರ್ಲಿ. ಇಲ್ದಿದ್ರೆ ಮುಂದಿನ ಮೀಟಿಂಗಿನ ದಿನ ಗೇಟಿನ ಹೊರಗೆ."

ಮನೆಗೆ ಬಂದು ಹೇಳಿದೆ. ಹೆಂಡತಿ ಅಷ್ಟರಲ್ಲಿ ಮರಿಗೆ ಹೆಸರಿಟ್ಟಾಗಿತ್ತು: ಕಾಟು. ನಮ್ಮ ಕಡೆ ಕಾಟು ಮಾವು ಎಂದರೆ ಕಸಿ ಕಟ್ಟದೆ, ಯಾರೂ ನೆಡದೆ, ಗೊರಟಿನಿಂದ ತಾನೇ ಹುಟ್ಟಿದ ಮಾವು. ಅಪ್ಪ ಜಾತಿಯವನೆಂದು ಸಾಬೀತು ಮಾಡಬೇಕಾದ ಮರಿಗೆ ಇದಕ್ಕಿಂತ ಕೆಟ್ಟ ಹೆಸರು ಸಿಗುವುದು ಕಷ್ಟ.

೨. ಚಹಾದ ಜೊತೆಗೆ ತಳಿ

ಮರಿಗೆ ಇಂಜೆಕ್ಷನ್ ಕೊಡಿಸಲೆಂದು ಬಂದ್ಯೋಡಿಗೆ ಹೋದೆ. ಡಾಕ್ಟರು ಬರಲು ತಡವಿತ್ತು. ಪಕ್ಕದ ಹೋಟೆಲಿನಲ್ಲಿ ಚಹಾ, ತಿನ್ನಲು ಒಂದು ಬೆಲ್ಲದ ನೈಯಪ್ಪ ಹೇಳಿದೆ, ಮರಿ ಕಾಲ ಬಳಿ ಕುಳಿತಿತ್ತು. ಕಾಟುವಿನ ರೂಪ ಹೀಗೆ: ಉದ್ದ ಮೈ, ಗಿಡ್ಡ ಕಾಲು, ಕಪ್ಪು ಬೆನ್ನು, ಕಂದು ಹೊಟ್ಟೆ. ಒಂದು ಕಿವಿ ನಿಂತಿದೆ, ಇನ್ನೊಂದು ಮಲಗಿದೆ.

ಪೊಲೀಸಿನಿಂದ ನಿವೃತ್ತರಾದ ಒಬ್ಬರು ನೋಡಿದ ಕೂಡಲೇ, "ಜರ್ಮನ್ ಶೆಫರ್ಡ್, ಡೌಟೇ ಇಲ್ಲ. ಆ ನಿಂತ ಕಿವಿ ನೋಡಿ," ಎಂದರು.

ಗಲ್ಫಿನಲ್ಲಿ ಡ್ರೈವರಾಗಿದ್ದವರೊಬ್ಬರು ನಕ್ಕರು. "ಎಂತ ಶೆಫರ್ಡ್ ಮಾರಾಯ್ರೆ! ಇದು ಅರಬಿಗಳ ಬೇಟೆ ನಾಯಿ. ನಮ್ಮ ಶೇಖನ ಮನೆಯಲ್ಲಿ ಹೀಗೇ ಇತ್ತು. ಮೂತಿ ನೋಡಿ, ಮೂತಿ."

"ಕಾಲು?" ಎಂದು ಕೇಳಿದೆ. ಬೇಟೆ ನಾಯಿಗೆ ಇಷ್ಟು ಗಿಡ್ಡ ಕಾಲಿದ್ದರೆ ಮೊಲ ಕಾದು ನಿಲ್ಲಬೇಕಾಗುತ್ತದೆ.

"ಕಾಲು ತಾಯಿಯದ್ದು ಸಾರ್."

ಮೀನಿನ ಬುಟ್ಟಿ ಇಳಿಸಿ ಚಹಾ ಕುಡಿಯುತ್ತಿದ್ದ ಹೆಂಗಸು, "ಗುಳ್ಳೆನರಿಯ ಮರಿ ಅದು. ನಮ್ಮ ಹಿತ್ತಿಲಿಗೆ ಬರ್ತದಲ್ಲ, ಅದೇ ಬಾಲ," ಎಂದಳು.

ಮರಿ ಒಂದೇ, ಬೆಳಕೂ ಒಂದೇ. ಆದರೂ ಒಬ್ಬೊಬ್ಬರಿಗೆ ಒಂದೊಂದು ಕಂಡಿತು. ಪೊಲೀಸಿನವರು ತಮ್ಮ ಸರ್ವಿಸ್ಸನ್ನು ನೋಡಿದರು, ಡ್ರೈವರು ಶೇಖನ ಅಂಗಳವನ್ನು, ಆ ಹೆಂಗಸು ತನ್ನ ಕೋಳಿ ಕದಿಯುವ ನರಿಯನ್ನು. ಮರಿಯನ್ನು ಯಾರಾದರೂ ನೋಡಿದರೋ ಎಂಬುದು ನನ್ನ ಸಂಶಯ. ನಾನು ಹೀಗೆ ಗಂಭೀರವಾಗಿ ಯೋಚಿಸುತ್ತಿರುವಾಗ ಹೋಟೆಲಿನ ಯಜಮಾನರು ಬಗ್ಗಿ ನೋಡಿ ತಮ್ಮ ತೀರ್ಪು ಕೊಟ್ಟರು: "ತಳಿ ಯಾವುದೋ ಗೊತ್ತಿಲ್ಲ ಸಾರ್. ನಿಮ್ಮ ಕೈಲಿದ್ದ ನೈಯಪ್ಪ ತಿಂದದ್ದು ಮಾತ್ರ ಇದೇ."

೩. ಡಾಕ್ಟರ ಅಭಿಪ್ರಾಯ

ಡಾಕ್ಟರು ಬಂದರು. ಚಿಕ್ಕ ಪ್ರಾಯ, ನಿಧಾನ ಮಾತು. ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ ಹಲ್ಲು, ಉಗುರು, ಬಾಲ ಎಲ್ಲ ನೋಡಿದರು. "ತಂದೆ ಯಾವ ತಳಿ ಎಂದು ಬರೆದುಕೊಡಬಹುದೇ?" ಎಂದು ಕೇಳಿದೆ.

"ನೋಡಿ ಹೇಳುವುದು ಕಷ್ಟ ಸಾರ್. ನಾವು ಡಾಕ್ಟರುಗಳೇ ನಾಲ್ಕು ಮಂದಿ ನಿಂತರೆ ನಾಲ್ಕು ಹೆಸರು ಹೇಳ್ತೇವೆ."

ಆ ಪ್ರಾಮಾಣಿಕತೆ ನನಗೆ ಹಿಡಿಸಿತು. "ಆದರೂ ಒಂದು ಅಂದಾಜು?"

ಅವರು ಮರಿಯನ್ನು ತಿರುಗಿಸಿ ನೋಡಿದರು. "ಮುಂದಿನಿಂದ ನೋಡಿದರೆ ಲ್ಯಾಬ್ರಡಾರ್. ಬದಿಯಿಂದ ಡ್ಯಾಶ್‌ಹಂಡ್. ಹೊಟ್ಟೆ ಮಾತ್ರ ನಿಮ್ಮ ಮನೆಯ ಅಡುಗೆಯದ್ದು."

೪. ಒಂದು ನಾಯಿ, ಎರಡು ವಂಶ

ಉಳಿದದ್ದು ಡಿಎನ್‌ಎ ಪರೀಕ್ಷೆ. ಕಿಟ್ ತರಿಸಿದೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳಿಸಬೇಕು. ಅದಕ್ಕೆ ಮೊದಲು ನಾಯಿ ಏನೂ ತಿಂದಿರಬಾರದು. ಕಾಟು ಏನೂ ತಿನ್ನದೆ ಇರುವ ಹೊತ್ತನ್ನು ಹಿಡಿಯುವುದೇ ಒಂದು ಸಂಶೋಧನೆಯಾಯಿತು. ಮೊದಲನೆಯ ಕಡ್ಡಿಯನ್ನು ಅದು ನುಂಗಲು ನೋಡಿತು. ಹೆಂಡತಿ ಅದರ ಬಾಯಿಗೆ ಕೈ ಹಾಕಿದಳು, ನಾನು ಅವಳಿಗೆ ಕೈ ತೊಳೆಯಲು ಹೇಳಿದೆ, ಅವಳು ನನ್ನನ್ನು ಹೊರಗೆ ಕಳಿಸಿದಳು.

ನಾನು ಒಂದೇ ಪರೀಕ್ಷೆಯನ್ನು ನಂಬುವವನಲ್ಲ. ಕಾರ್ಖಾನೆಯಲ್ಲಿ ಒಂದೇ ಪುಡಿಯನ್ನು ಎರಡು ಬೇರೆ ಗುರುತು ಹಾಕಿ ಲ್ಯಾಬಿಗೆ ಕಳಿಸುತ್ತೇವೆ. ಎರಡು ಫಲಿತಾಂಶ ಹೊಂದಿದರೆ ಮಾತ್ರ ಲ್ಯಾಬನ್ನು ನಂಬುವುದು. ಹಾಗೆಯೇ ಇಲ್ಲೂ ಎರಡು ಕಿಟ್. ಒಂದರ ಮೇಲೆ 'ಕಾಟು' ಎಂದು ಬರೆದೆ, ಇನ್ನೊಂದರ ಮೇಲೆ 'ಟೈಗರ್' ಎಂದು.

ಕಾಟುವಿನ ವರದಿ ಬಂತು: ಲ್ಯಾಬ್ರಡಾರ್, ಡ್ಯಾಶ್‌ಹಂಡ್, ಉಳಿದದ್ದು ಅಸ್ಪಷ್ಟ. ಹೆಂಡತಿ ಆ ವರದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಸ್ವಲ್ಪ ದಿನ ಬಿಟ್ಟು ಟೈಗರಿನದ್ದು ಬಂತು: ಶೆಫರ್ಡ್, ಬೀಗಲ್, ಹಿಮದ ದೇಶದಲ್ಲಿ ಗಾಡಿ ಎಳೆಯುವ ನಾಯಿ. ಉಪ್ಪಳದಲ್ಲಿ ಹಿಮ!

ಕಿಟ್ ಕಂಪನಿಯ ಕಚೇರಿಗೆ ಫೋನು ಮಾಡಿದೆ. ಹುಡುಗಿಯೊಬ್ಬಳು ಬಹಳ ವಿನಯದಿಂದ, "ಎರಡರಲ್ಲಿ ನಿಮ್ಮ ನಾಯಿ ಯಾವುದು ಸಾರ್?" ಎಂದಳು.

"ಎರಡೂ ಒಂದೇ ನಾಯಿ."

ಆಗ ನಿಜ ಹೇಳಿದಳು, ಅದಕ್ಕೆ ನಾನು ಅವಳನ್ನು ಮೆಚ್ಚುತ್ತೇನೆ. ಅವರ ಯಂತ್ರ ನಾಯಿಯನ್ನು ತನ್ನಲ್ಲಿರುವ ತಳಿಗಳ ಜೊತೆ ಹೋಲಿಸಿ ನೋಡುತ್ತದೆ. ಶುದ್ಧ ತಳಿಯ ನಾಯಿಯಾದರೆ ಉತ್ತರ ಹೆಚ್ಚಾಗಿ ಸರಿ ಬರುತ್ತದೆ. ಆದರೆ ನಮ್ಮ ಊರ ನಾಯಿಗಳ ಮಾದರಿ ಅವರಲ್ಲಿ ಇಲ್ಲವೇ ಇಲ್ಲ. ಗೊತ್ತಿಲ್ಲದ್ದನ್ನು ಯಂತ್ರ ಗೊತ್ತಿಲ್ಲ ಎನ್ನುವುದಿಲ್ಲ. ತನಗೆ ಗೊತ್ತಿರುವುದರಲ್ಲಿ ಹತ್ತಿರದ ಒಂದು ಹೆಸರು ಹೇಳುತ್ತದೆ, ಅದೂ ಒಂದೊಂದು ಸಲ ಒಂದೊಂದು. ಬಂದ್ಯೋಡಿನ ಹೋಟೆಲಿನಲ್ಲೂ ಆದದ್ದು ಅದೇ ಅಲ್ಲವೇ? ಅಲ್ಲಿ ಚಹಾವಾದರೂ ಸಿಕ್ಕಿತ್ತು.

"ಈಗ ನಾನು ಎಂತ ಮಾಡಬೇಕು?" ಎಂದು ಕೇಳಿದೆ.

"ನಿಮಗೆ ಯಾವ ವರದಿ ಇಷ್ಟವೋ ಅದನ್ನು ಫ್ರೇಮ್ ಹಾಕಿಸಿ ಸಾರ್."

೫. ಸಭೆ

ಮೀಟಿಂಗಿನ ಹಿಂದಿನ ದಿನ ಮನೆಯಲ್ಲಿ ಮಾತಾಯಿತು. "ಲ್ಯಾಬ್ರಡಾರ್ ಅಂತ ಇದ್ದದ್ದು ಒಂದನ್ನು ತೋರಿಸಿದರೆ ಸಾಕಲ್ಲ?" ಎಂದಳು ಹೆಂಡತಿ.

"ಎರಡು ಪರೀಕ್ಷೆ ಮಾಡಿಸಿ ಒಂದನ್ನು ಅಡಗಿಸುವುದು ಸುಳ್ಳು."

"ಹಾಗಾದರೆ ಅದನ್ನು ಲಾರಿಗೆ ಕೊಡುವುದು ಎಂತ?"

ಆ ರಾತ್ರಿ ಕಾಟು ಅವಳ ಕಾಲ ಬುಡದಲ್ಲಿ ಮಲಗಿ ನನ್ನನ್ನೇ ನೋಡುತ್ತಿತ್ತು. ತತ್ವಕ್ಕೆ ಅಂಟಿಕೊಳ್ಳುವುದು ಸುಲಭ, ಅದರ ಬೆಲೆಯನ್ನು ಬೇರೆಯವರು ತೆರುವಾಗ. ಇದು ನನಗೆ ಗೊತ್ತಿತ್ತು. ಆದರೂ ಮರುದಿನ ಎರಡೂ ವರದಿಗಳನ್ನು ಸಭೆಯ ಮುಂದಿಟ್ಟು, "ಈ ಪರೀಕ್ಷೆಯಿಂದ ತಂದೆ ಯಾರೆಂದು ಹೇಳಲಾಗದು," ಎಂದೆ. ಮೂಲೆಯಲ್ಲಿ ಹೆಂಡತಿ ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕುಳಿತಿದ್ದಳು.

ಎರಡನೆ ಮಾಳಿಗೆಯ ಸಂಸ್ಕೃತ ಮಾಸ್ಟ್ರು ಸಹಾಯಕ್ಕೆ ಬಂದರು. "ಲ್ಯಾಬ್ರಡಾರೋ ಶೆಫರ್ಡೋ, ಎರಡೂ ಜಾತಿ ನಾಯಿಯೇ ಅಲ್ಲವೋ? ಮಕ್ಕಳಿಗೆ ತಂದೆಯ ಗೋತ್ರ. ಮರಿ ಇರಲಿ."

ಅಧ್ಯಕ್ಷರು ಮೇಜು ತಟ್ಟಿದರು. "ಅದು ನಿಮ್ಮಲ್ಲಿ ಮಾಸ್ಟ್ರೆ. ನಮ್ಮ ಮನೆಗಳಲ್ಲಿ ತಾಯಿಯ ಬರಿಯೇ, ಅಂದ್ರೆ ತಾಯಿಯ ಕುಲವೇ, ಮಕ್ಕಳದ್ದು. ಅಪ್ಪ ಯಾರಾದ್ರೆ ಎಂತ? ತಾಯಿಯ ಕುಲ ಊರ ನಾಯಿ, ಮರಿಯ ಕುಲವೂ ಊರ ನಾಯಿ. ಸೆಕ್ರೆಟ್ರಿಯವರೇ ಒಪ್ಪಿದ್ರಲ್ಲ, ಪ್ರೂಫ್ ಇಲ್ಲ ಅಂತ. ಮುಗೀತು."

ಹೆಂಡತಿ ಎದ್ದು ನಿಂತಳು, ಮರಿಯೊಂದಿಗೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕೆಳಮನೆಯ ಟೈಲರ್ ಅಕ್ಕ ಮಾತೆತ್ತಿದರು. ಅವರೂ ತುಳುವಿನವರೇ.

"ಅಣ್ಣ ಹೇಳಿದ್ದು ಸರಿ. ನಮ್ಮಲ್ಲಿ ತಾಯಿಯ ಬರಿಯೇ ಲೆಕ್ಕ."

"ಕೇಳಿದ್ರಾ?" ಎಂದು ಅಧ್ಯಕ್ಷರು ಮೀಸೆ ಸವರಿಕೊಂಡರು.

"ಹಾಗಾದ್ರೆ ಅಣ್ಣ, ಮಕ್ಕಳ ಜವಾಬ್ದಾರಿ ಯಾರದ್ದು?"

"ಮತ್ತೆ ಯಾರದ್ದು? ಮಾವಂದು. ತಾಯಿಯ ಅಣ್ಣಂದು. ಅಳಿಯನಿಗೆ ಮಾವನ ಮನೆಯೇ ಮನೆ. ಹಿಂದಿನಿಂದ ಬಂದದ್ದಲ್ವಾ?"

"ಅದೇ ಕೇಳಿದ್ದು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಇದರ ಅಮ್ಮನನ್ನು 'ಬಾ ತಂಗಡಿ' ಅಂತ ಕರೀತಾರಲ್ಲ, ಅದು ಯಾರು?"

ಮಾಸ್ಟ್ರು ಮೊದಲು ನಕ್ಕರು. ಆಮೇಲೆ ಯಾರು ಯಾರು ನಕ್ಕರೆಂದು ಹೇಳಲಾರೆ.

"ಅದು... ಅದು ಪ್ರೀತಿಗೆ ಕರೆದದ್ದು ಮಾರಾಯ್ತಿ!"

"ಸಿಟ್ಟಿಗೆ ಯಾರಾದ್ರೂ ತಂಗಿ ಅಂತ ಕರೀತಾರಾ ಅಣ್ಣ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಿಯಮದ ಮನುಷ್ಯ ನಾನಾದರೂ ಕಾಪಾಡಿಯೇನು ಎಂಬ ಆಸೆ ಇದ್ದಿರಬೇಕು. ಆದರೆ ನಾನು ಸಾಕ್ಷ್ಯವನ್ನು ನಂಬುವವನು. ಲ್ಯಾಬಿನ ಎರಡು ವರದಿಗಳು ಒಂದಕ್ಕೊಂದು ಹೊಂದಿರಲಿಲ್ಲ. ಇದಕ್ಕಾದರೋ ಇಡೀ ಕಟ್ಟಡ ಸಾಕ್ಷಿ, ಅದೂ ಪ್ರತಿದಿನ, ಒಂದೇ ಫಲಿತಾಂಶ. "ನಾನೂ ಕೇಳಿದ್ದೇನೆ," ಎಂದೆ. ಹೆಂಡತಿ ಮರಿಯನ್ನು ನನ್ನ ತೊಡೆಯ ಮೇಲಿಟ್ಟು ಎಲ್ಲರಿಗೂ ಚಹಾ ಮಾಡಲು ಹೋದಳು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿನ ಬೆಲ್ ಆಯಿತು. ಅಧ್ಯಕ್ಷರು. ಕೈಯಲ್ಲಿ ಬಿಸ್ಕೆಟ್, ಮುಖ ಗಂಭೀರ. ಮೀಟಿಂಗಿನ ವಿಷಯ ಮತ್ತೆ ಎತ್ತುತ್ತಾರೆಂದು ನಾನು ತಯಾರಾಗಿ ನಿಂತೆ.

"ಸಾರ್, ರಾತ್ರಿಯೆಲ್ಲ ಯೋಚನೆ ಮಾಡಿದೆ. ಒಂದು ವಿಷಯ ನನಗೆ ಸರಿ ಕಾಣುವುದಿಲ್ಲ."

"ಹೇಳಿ."

"ನಮ್ಮ ಬರಿಯ ಹುಡುಗನಿಗೆ 'ಕಾಟು' ಅಂತ ಎಂತ ಹೆಸರು ಸಾರ್? ಮಾವನನ್ನು ಒಂದು ಮಾತು ಕೇಳಬಾರದಿತ್ತಾ?"