ಓ ಅನ್ನುವ ಗುಂಪು

ರಕ್ತಪರೀಕ್ಷೆಯಲ್ಲಿ ಫೇಲಾದೆನೆಂದು ತಿಳಿದು, ಒಂದು ತಿಂಗಳು ಮುದ್ದೆ ಉಂಡು, ಮತ್ತೆ ಪರೀಕ್ಷೆ ಕಟ್ಟಿದ ಮನುಷ್ಯ ಮಂಡ್ಯ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ! ನಗಬೇಡಿ. ಹಲಗೂರಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ದಿನವಿಡೀ ತಂತಿ ಸುತ್ತುವವರು ಒಂದೊಂದು ಸಲ ವಿಷಯವನ್ನೂ ಸುತ್ತಿಬಿಡುತ್ತಾರೆ, ಅದರಲ್ಲಿ ಆಶ್ಚರ್ಯವೇನು?

ಆದದ್ದು ಇಷ್ಟು. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಮದ್ದೂರಿನಲ್ಲಿ ಒಂದು ರಕ್ತದಾನ ಶಿಬಿರ ನಡೆಯಿತು. ಮಾವ ನನ್ನನ್ನೂ ಕರೆದುಕೊಂಡು ಹೋದರು. ನರ್ಸಮ್ಮ ಅವರ ಬೆರಳಿಗೆ ಚುಚ್ಚಿ, ಗಾಜಿನ ಮೇಲೆ ರಕ್ತ ಹಾಕಿ ನೋಡಿ, "ಓ" ಎಂದರು. ನಮ್ಮ ಮನೆಯಲ್ಲಿ ಯಾರಾದರೂ ಕರೆದರೆ "ಏನು" ಅನ್ನಕೂಡದು, "ಓ" ಅಂತಲೇ ಅನ್ನಬೇಕು ಎನ್ನುವುದು ಮಾವನ ಕಟ್ಟಪ್ಪಣೆ. ತಪ್ಪಿದ ಮಕ್ಕಳ ಕಿವಿ ಅವರ ಬೆರಳಿಗೆ ಸಿಕ್ಕಿ ಕೆಂಪಾಗುತ್ತಿತ್ತು. ಹೀಗಿರುವಾಗ, ತಾವು ಕರೆಯದೆಯೇ ಈ ನರ್ಸಮ್ಮ ಯಾಕೆ ಓಗೊಟ್ಟರೆಂದು ಮಾವನಿಗೆ ಗಲಿಬಿಲಿಯಾಯಿತು. ಆಮೇಲೆ ಆಕೆ "ನೆಗೆಟಿವ್" ಎಂದು ಸೇರಿಸಿದರು ನೋಡಿ, ಮಾವನ ಮುಖವೇ ಇಳಿದುಹೋಯಿತು.

"ಇರ್ಲಿ ಬುಡವ್ವ. ಒಂದ್ ತಿಂಗ್ಳು ಚೆಂದಾಗಿ ಉಂಡ್ಕಂಡ್ ಬತ್ತೀನಿ, ಪಾಸಿಟಿವ್ ಆಯ್ತದೆ," ಎಂದು ಎದ್ದು ಹೊರಟೇಬಿಟ್ಟರು.

ಮೂರು ಹೊತ್ತೂ ಮುದ್ದೆ, ಹುರುಳಿಕಾಳಿನ ಸಾರು, ನುಗ್ಗೆಸೊಪ್ಪು. ಮುದ್ದೆ ತಿರುವಿ ತಿರುವಿ ಅತ್ತೆಯ ರಟ್ಟೆ ಬಿದ್ದುಹೋಯಿತು. ತಿಂಗಳು ಕಳೆದು ಮಂಡ್ಯದ ಆಸ್ಪತ್ರೆಗೆ ಹೋದರೆ ಮತ್ತೆ ಓ ನೆಗೆಟಿವ್! ಅಲ್ಲಿನ ಡಾಕ್ಟರು ನಗು ತಡೆದುಕೊಂಡು ಬಿಡಿಸಿ ಹೇಳಿದರು. ಇದು ಹುಟ್ಟಿನಿಂದ ಬಂದದ್ದು, ಮುದ್ದೆಯಿಂದ ಬದಲಾಗುವುದಿಲ್ಲ. ನಿಮ್ಮ ರಕ್ತವನ್ನು ಯಾವ ಗುಂಪಿನವರಿಗಾದರೂ ಕೊಡಬಹುದು. ನಿಮಗೆ ಬೇಕಾದಾಗ ಮಾತ್ರ ಓ ನೆಗೆಟಿವ್ ರಕ್ತವೇ ಆಗಬೇಕು, ಅದು ಸಿಗುವುದು ಕಷ್ಟ.

ಮಾವ ಕೇಳಿಸಿಕೊಂಡದ್ದು ಮೊದಲ ಅರ್ಧವನ್ನು ಮಾತ್ರ. ವಾಪಸು ಬರುವಾಗ ಬಸ್ಸಿನಲ್ಲಿ ಎದೆಯುಬ್ಬಿಸಿ ನನಗೆ ಹೇಳಿದರು: "ಯಾರ್ ಕರುದ್ರೂ ಓ ಅನ್ನೋ ರಕ್ತ ಕಣ್ಲಾ ನಂದು."

ಅಂದಿನಿಂದ ಮೂರು ಮೂರು ತಿಂಗಳಿಗೆ, ಹಬ್ಬ ಮರೆತರೂ ರಕ್ತ ಕೊಡುವುದನ್ನು ಮರೆಯಲಿಲ್ಲ. ನನ್ನ ತಂಗಿ ಹುಟ್ಟಿದಾಗ ಅಮ್ಮನಿಗೆ ಏರಿಸಿದ್ದೂ ಮಾವನ ರಕ್ತವೇ. ಅವತ್ತು ಅದು ಸಿಗದಿದ್ದರೆ ನಾನು ತಾಯಿಯಿಲ್ಲದೆ ಬೆಳೆಯಬೇಕಾಗಿತ್ತು. ಆದರೆ ಮಾವ ಅದನ್ನು ಗಂಭೀರವಾಗಿ ಉಳಿಯಲು ಬಿಟ್ಟರೆ ತಾನೆ? ಅಮ್ಮ ನನಗೆ ಬೈದಾಗಲೆಲ್ಲ, ಅಕ್ಕನ ತಪ್ಪೇನಿಲ್ಲ, ಬೈಯುತ್ತಿರುವುದು ತನ್ನ ಬಾಟಲಿ ರಕ್ತ ಎನ್ನುತ್ತಿದ್ದರು!

ಅಂಗಡಿಗೆ ಬಂದ ಮೋಟಾರಿಗೆಲ್ಲ ಚೀಟಿ ಕಟ್ಟುವುದು ವಾಡಿಕೆ. ಮಾವನ ಚೀಟಿಯಲ್ಲಿ ಊರು, ಎಷ್ಟು ಎಚ್‌ಪಿ, ಆಮೇಲೆ ಮಾಲೀಕರ ರಕ್ತದ ಗುಂಪು! ಅದನ್ನೇ ಫೋನ್ ನಂಬರಿನ ಸಮೇತ ಅಂಗಡಿಯ ಗೋಡೆಯ ಮೇಲೂ ಬರೆದಿಡುತ್ತಿದ್ದರು. ಗುಂಪು ಹೇಳದವರಿಗೆ ಮೋಟಾರಿಲ್ಲ. ವೈದ್ಯನಾಥಪುರದಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಹೆಂಗಸೊಬ್ಬರು ಇದಕ್ಕಾಗಿ ಬೀದಿಗೆ ಕೇಳುವಂತೆ ಜಗಳವಾಡಿದ್ದರು.

"ನನ್ ರಕ್ತ ಯಾವ್ದಾದ್ರೆ ನಿಂಗೇನಣ್ಣ? ಮಿಲ್ಲು ನಿಂತೋಗ್ಯದೆ, ಮೋಟ್ರು ಕೊಡು."

ಮಾವ ಜಪ್ಪಯ್ಯ ಎಂದರೂ ಕೊಡಲಿಲ್ಲ. ಆಕೆ ಬೈದುಕೊಂಡೇ ಹೋಗಿ ಪರೀಕ್ಷೆ ಮಾಡಿಸಿ, ಚೀಟಿ ತಂದು ಮೇಜಿನ ಮೇಲೆ ಎಸೆದರು. ಓ ನೆಗೆಟಿವ್! ಮಾವನಿಗೆ ಕಳೆದುಹೋದ ತಂಗಿ ಸಿಕ್ಕಷ್ಟು ಸಂತೋಷ. ಮೋಟಾರನ್ನು ತಾವೇ ಹೊತ್ತುಕೊಂಡು ಹೋಗಿ ಬಸ್ಸಿಗೆ ಹಾಕಿಬಂದರು.

ನನ್ನ ತಂಗಿಯನ್ನು ನೋಡಲು ಬಸರಾಳಿನಿಂದ ಗಂಡಿನವರು ಬಂದಾಗ ಆದದ್ದನ್ನು ಹೇಳದಿದ್ದರೆ ಹೇಗೆ? ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಮಾವ, ನಿಮ್ಮ ಹುಡುಗನದು ಯಾವ ಗುಂಪು ಎಂದು ಕೇಳಿಬಿಟ್ಟರು. ಗಂಡಿನ ತಂದೆ ಆಗಷ್ಟೇ ಹಾಲಿನ ಡೇರಿ ಎಲೆಕ್ಷನ್ನಿನಲ್ಲಿ ಸೋತು ಬಂದಿದ್ದವರು. ನಮ್ಮ ಜಿಲ್ಲೆಯಲ್ಲಿ ಗುಂಪು ಅಂದರೆ ಜನ ಏನು ತಿಳಿಯುತ್ತಾರೆಂದು ನಿಮಗೆ ಗೊತ್ತಲ್ಲ! ಅವರು ಮುಖ ಕೆಂಪಗೆ ಮಾಡಿಕೊಂಡು, ನಾವು ಯಾವ ಗುಂಪಿಗೂ ಸೇರಿದವರಲ್ಲ, ತಟಸ್ಥರು ಎಂದರು.

"ತಟಸ್ಥ ಅನ್ನೋ ರಕ್ತ ನಾನ್ ಕೇಳೇ ಇಲ್ವಲ್ಲ," ಎಂದರು ಮಾವ.

ಆ ಮದುವೆ ಹೇಗೋ ನಡೆಯಿತು. ಬೀಗರು ಇವತ್ತಿಗೂ ಮಾವನನ್ನು ಕಂಡರೆ ಮೊದಲು ತಮ್ಮ ಗುಂಪು ಹೇಳಿ ಆಮೇಲೆ ನಮಸ್ಕಾರ ಮಾಡುತ್ತಾರೆ.

ಡಾಕ್ಟರು ಹೇಳಿದ ಉಳಿದರ್ಧ ನನಗೆ ನೆನಪಾದದ್ದು ಹೋದ ವರ್ಷ. ಅಂಗಡಿಯ ಅಟ್ಟದಿಂದ ಮಾವ ಬಿದ್ದರು, ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ತೊಡೆಮೂಳೆ ಮುರಿದು ಒಳಗೊಳಗೇ ರಕ್ತ ಸೋರಿಹೋಗಿತ್ತು. ಆಪರೇಷನ್ ತಡವಾದರೆ ಜೀವಕ್ಕೇ ಅಪಾಯ, ರಕ್ತವಿಲ್ಲದೆ ಮಾಡುವ ಹಾಗಿಲ್ಲ, ಓ ನೆಗೆಟಿವ್ ದಾಸ್ತಾನಿಲ್ಲ. ನಾನು ಅಂಗಿಯ ತೋಳು ಮಡಚಿಕೊಂಡು ಮುಂದೆ ಹೋದೆ. ನನ್ನದು ಬಿ ಪಾಸಿಟಿವ್, ಆಗುವುದಿಲ್ಲ. ಅಮ್ಮನದೂ ಆಗುವುದಿಲ್ಲ. ಅಮ್ಮ ಅಲ್ಲೇ ನೆಲದ ಮೇಲೆ ಕುಳಿತು, "ನನ್ ಮೈಯಾಗ್ ಇರೋದು ಅವುಂದೇ ಅಲ್ವೇನಪ್ಪ, ವಾಪಸ್ ತಕೊಳಾಕೆ ಆಗಕಿಲ್ವಾ?" ಎಂದು ಡಾಕ್ಟರನ್ನು ಕೇಳಿದಳು. ಯಾರೂ ನಗಲಿಲ್ಲ.

ಹಲಗೂರಿಗೆ ಓಡಿದೆ. ಅಂಗಡಿಯಲ್ಲಿ ತಂತಿಗೆ ಬಳಿಯುವ ಅದೇ ವಾರ್ನಿಷ್ ವಾಸನೆ, ಗೋಡೆಯ ತುಂಬ ಮಾವನ ಸೊಟ್ಟ ಅಕ್ಷರ. ಹುಡುಕುತ್ತಾ ಹೋದರೆ ನಾನೂ ಸಿಕ್ಕಿದೆ: ಅಕ್ಕನ ಮಗ, ಅರ್ಧ ಎಚ್‌ಪಿ, ಬಿ ಪಾಸಿಟಿವ್! ಅಳುವುದೋ ನಗುವುದೋ ತಿಳಿಯದೆ ಕೆಳಗಿನ ಸಾಲುಗಳನ್ನು ನೋಡುತ್ತಾ ಹೋದೆ. ಮಳವಳ್ಳಿಯವರಿದ್ದರು, ಮದ್ದೂರಿನವರಿದ್ದರು, ಎ ಇತ್ತು, ಬಿ ಇತ್ತು. ಇಡೀ ಗೋಡೆಯಲ್ಲಿ ಓ ನೆಗೆಟಿವ್ ಒಂದೇ ಒಂದು: ವೈದ್ಯನಾಥಪುರ, ಹಿಟ್ಟಿನ ಮಿಲ್ಲು.

ಅಷ್ಟು ಬೈದುಹೋದವರು ಬರುತ್ತಾರೆಯೇ? ಹೆದರುತ್ತಲೇ ಫೋನ್ ಮಾಡಿ, "ಅಕ್ಕಾ" ಎಂದೆ.

"ಓ, ಯೋಳಪ್ಪ," ಎಂದಿತು ಆ ಕಡೆಯ ದನಿ.

ವಿಷಯ ಹೇಳಿದೆ. ಯಾವ ಆಸ್ಪತ್ರೆ ಎಂದು ಮಾತ್ರ ಕೇಳಿದರು. ಮಿಲ್ಲು ನಿಲ್ಲಿಸಿ, ತಲೆಗೂದಲಿನಲ್ಲಿ ಹಿಟ್ಟು ಹಾಗೇ ಇರುವಾಗಲೇ ಬಸ್ಸು ಹತ್ತಿ ಬಂದು ರಕ್ತ ಕೊಟ್ಟರು.

ಮಾರನೆಯ ಮಧ್ಯಾಹ್ನ ಆಪರೇಷನ್ ಮುಗಿಸಿ ಮಾವನನ್ನು ವಾರ್ಡಿಗೆ ತಂದು ಮಲಗಿಸಿದರು. ಕಣ್ಣು ಮುಚ್ಚಿಕೊಂಡಿದ್ದವು. ಹೆಸರು ಹಿಡಿದು ಕೂಗಿ ನೋಡಿ ಎಂದರು ನರ್ಸಮ್ಮ. ಮಾವನ ಹೆಸರು ಹಿಡಿದು ಕೂಗುವುದುಂಟೆ? "ಮಾವ" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ, ಇಲ್ಲ. ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೂರನೆಯ ಸಲ ಕರೆದಾಗ ಒಣಗಿದ ತುಟಿ ನಿಧಾನವಾಗಿ ಅಲುಗಿತು.

"ಓ."

ಚಿಕ್ಕಂದಿನಲ್ಲಿ ಆ ಒಂದು ಅಕ್ಷರಕ್ಕಾಗಿ ಎಷ್ಟು ಸಲ ಕಿವಿ ಹಿಂಡಿಸಿಕೊಂಡಿದ್ದೆನೋ. ಅವತ್ತು ಅದನ್ನು ಕೇಳಿ, ಮಂಚದ ಕಂಬಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟೆ.