ಮೂರು ಬೆಡ್‌ರೂಮಿನಲ್ಲಿ ಒಬ್ಬನೇ

ಮನೆ ತೋರಿಸುವ ಕೆಲಸಕ್ಕೆ ಸೇರಿದಾಗಿನಿಂದ ನಗು ಬರುವಂಥದ್ದು ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಜೊತೆಗೆ ಕೂತು ನಗುವವರು ಮಾತ್ರ ಸಿಗುವುದಿಲ್ಲ. ನಾನು ಹೈದರಾಬಾದಿನ ಮಾದಾಪುರದಲ್ಲಿ ಒಬ್ಬ ಬಿಲ್ಡರ್ ಹತ್ತಿರ ಫ್ಲ್ಯಾಟ್ ಮಾರುವವನು. ಊರು ಕಲಬುರಗಿ ಕಡೆ. ಇರುವುದು ಮಲ್ಕಾಜ್‌ಗಿರಿಯ ಬಾಡಿಗೆ ಖೋಲಿಯಲ್ಲಿ, ಒಬ್ಬನೇ. ತಂಗಿಯರ ಮದುವೆ ಮಾಡುತ್ತ ಮಾಡುತ್ತ ನನ್ನದು ಹಿಂದೆ ಬಿತ್ತು. ದಿನವಿಡೀ ಮಂದಿಯ ಜೊತೆ ಮಾತಾಡಿ ಸಂಜೆ ಖೋಲಿಯ ಬೀಗ ತೆಗೆದರೆ ಫ್ಯಾನಿನದೊಂದೇ ಸದ್ದು. ಆಗ ಇಂಥವನ್ನು ನೆನೆಸಿಕೊಂಡು ನಗುತ್ತೇನೆ. ಆ ನಗು ಕೇಳಿ ಪಕ್ಕದ ಖೋಲಿಯವರು, ನನಗೆ ಫೋನ್ ಮಾಡುವವರು ಬಹಳ ಮಂದಿ ಇದ್ದಾರೆ ಅಂದುಕೊಂಡಿದ್ದಾರೆ.

ಹಾಂಗ್‌ಕಾಂಗಿನವರು

ಮೈಸೂರಿನ ಎಂಜಿನಿಯರೊಬ್ಬರು ಹಾಂಗ್‌ಕಾಂಗಿನಿಂದ ವಿಡಿಯೋ ಕಾಲ್‌ನಲ್ಲಿ ಫ್ಲ್ಯಾಟ್ ನೋಡುತ್ತಿದ್ದರು. ನಡುವೆ ನೆಟ್‌ವರ್ಕ್ ಹೋಯಿತು. ಮತ್ತೆ ಬರುವ ಹೊತ್ತಿಗೆ ನಾನು ಬಾತ್‌ರೂಮಿನಲ್ಲಿ ನಿಂತಿದ್ದೆ.

"ತುಂಬಾ ಚೆನ್ನಾಗಿದೆ ಸಾರ್. ಒಲೆ ಎಲ್ಲಿಡ್ತಾರೆ?" ಅಂದರು.

"ಸರ, ಇದು ಬಾತ್‌ರೂಮ್ ರೀ."

ಅವರು ಫೋನನ್ನು ಎದುರಿಗೆ ಒರಗಿಸಿ ಇಟ್ಟರು. ಆಮೇಲೆ ತಮ್ಮ ಮನೆ ತೋರಿಸಿದರು. ಮಂಚದ ಮೇಲೆ ಕೂತಲ್ಲಿಂದಲೇ ಕೈ ಚಾಚಿ ಒಲೆ ಹಚ್ಚಿದರು, ಇನ್ನೊಂದು ಕೈಯಲ್ಲಿ ಕಿಟಕಿ ಮುಚ್ಚಿದರು.

"ಮುಗೀತು ಸಾರ್, ಇಷ್ಟೇ ಮನೆ. ಇದರ ಬಾಡಿಗೆಯಲ್ಲಿ ನಿಮ್ಮ ಹೈದರಾಬಾದಿನಲ್ಲಿ ಫ್ಲ್ಯಾಟಿನ ಕಂತೇ ಕಟ್ಟಬಹುದು." ಆಮೇಲೆ ದನಿ ತಗ್ಗಿಸಿ, "ಆ ಬಾತ್‌ರೂಮ್ ಇನ್ನೊಂದು ಸಲ ತೋರಿಸ್ತೀರಾ? ನನ್ನ ಹೆಂಡತೀನ ಕರೀತೀನಿ" ಅಂದರು.

ನಾಲ್ಕು ಸಂಡಾಸು

ತೆಲುಗು, ಹಿಂದಿ ಆಡಿ ಆಡಿ ನಾಲಿಗೆ ಬೇಸತ್ತಾಗ, ಸೈಟಿನಲ್ಲಿ ಗೋಡೆ ಕಟ್ಟುವ ಯಾದಗಿರಿಯ ಗೌಂಡಿಯ ಪಕ್ಕ ಹೋಗಿ ಬುತ್ತಿ ಬಿಚ್ಚುತ್ತೇನೆ. ಒಂದು ದಿನ ಆತ ಕೇಳಿದ:

"ಸಾಹೇಬ್ರ, ಈ ಮನಿಗೆ ಎಷ್ಟು ಮಂದಿ ಬರ್ತಾರ್ರಿ?"

"ಗಂಡ, ಹೆಂಡ್ತಿ, ಒಂದು ಕೂಸು."

ಆತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮೂರು ಮಂದಿಗೆ ನಾಲ್ಕು ಸಂಡಾಸ? ಪಾಪ, ಹೊಟ್ಟಿ ಭಾಳ ಕೆಟ್ಟೈತೇನ್ರಿ ಅವರದು?"

ನೆಲದಡಿಯ ವಾಸ

ಟೊರಾಂಟೊದಿಂದ ಗಂಡ ಹೆಂಡತಿ ಬಂದಿದ್ದರು, ಮಂಗಳೂರಿನವರು. ಅಲ್ಲಿ ಮನೆ ಕೊಳ್ಳುವುದು ದೂರದ ಮಾತಾಗಿ, ಬೇರೆಯವರ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗೆ ಇದ್ದು ವರ್ಷಗಳೇ ಆಗಿದ್ದವು. ಹೆಂಗಸಿಗೆ ಅದೇ ರೂಢಿಯಾಗಿಬಿಟ್ಟಿತ್ತು. ಇಪ್ಪತ್ತೆಂಟನೆಯ ಅಂತಸ್ತಿನ ಬಾಲ್ಕನಿಗೆ ಕಾಲಿಟ್ಟವರೇ ಗೋಡೆ ಹಿಡಿದುಕೊಂಡರು. ನೆಲದಡಿಯ ಪಾರ್ಕಿಂಗಿಗೆ ಬಂದಾಗ ಮುಖ ಅರಳಿತು.

"ಇಲ್ಲಿ ಎಷ್ಟು ತಂಪುಂಟು ಮಾರಾಯ್ರೆ! ಇಲ್ಲಿಯೇ ಎರಡು ರೂಮು ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ಇದು ಕಾರಿಗೆ ಇರುವ ಜಾಗ" ಎಂದು ಗಂಡ ಸಿಡುಕಿದರು.

"ಕಾರನ್ನು ಮೇಲೆ ಇಡಿ. ಅದಕ್ಕೆ ತಲೆ ತಿರುಗುವುದಿಲ್ಲ."

ಸ್ಯಾಂಪಲ್ ಫ್ಲ್ಯಾಟು

ಗಿರಾಕಿಗಳಿಗೆ ತೋರಿಸಲೆಂದೇ ಸಿಂಗರಿಸಿಟ್ಟ ಒಂದು ಫ್ಲ್ಯಾಟಿದೆ. ಮೂರು ಬೆಡ್‌ರೂಮು, ಆರು ಕುರ್ಚಿಯ ಊಟದ ಮೇಜು, ಅದರ ಮೇಲೆ ಪ್ಲಾಸ್ಟಿಕ್ ಹಣ್ಣು. ಗೋಡೆಯಲ್ಲಿ ನಗುವ ಕುಟುಂಬದ ಫೋಟೋ, ಯಾರೋ ಏನೋ. ಭಾನುವಾರ ಗಿರಾಕಿಗಳಿಲ್ಲದಾಗ ಆ ಮೇಜಿಗೇ ಕೂತು ಬುತ್ತಿ ಉಣ್ಣುತ್ತೇನೆ. ಖೋಲಿಯಲ್ಲಿ ಒಬ್ಬನೇ ಉಣ್ಣುವುದಕ್ಕೂ ಇಲ್ಲಿ ಒಬ್ಬನೇ ಉಣ್ಣುವುದಕ್ಕೂ ಫರಕಿದೆ. ಇಲ್ಲಿ, ಉಳಿದವರು ಎಲ್ಲೋ ಹೊರಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಅನ್ನಿಸುತ್ತದೆ.

ಒಂದು ಸಲ ಹಾಗೆ ಉಣ್ಣುತ್ತಿದ್ದಾಗ ಬೀದರ್ ಕಡೆಯ ಹಿರಿಯ ಹೆಂಗಸೊಬ್ಬರು ಒಳಗೆ ಬಂದರು. ಮಗ, ಸೊಸೆ ಕೆಳಗೆ ಆಫೀಸಿನಲ್ಲಿ ರೇಟು ವಿಚಾರಿಸುತ್ತಿದ್ದರಂತೆ.

"ಏಳಬ್ಯಾಡ್ರಿ, ಉಣ್ರಿ. ಮನಿ ಭಾಳ ಚಲೋ ಇಟ್ಟೀರಿ. ಮನ್ಯಾಗ ಯಾರೂ ಇಲ್ಲೇನ್ರಿ?"

"ಯಾರೂ ಇಲ್ರಿ. ನಾನೊಬ್ಬನ."

ಹೇಳಿದ್ದು ನಿಜವೇ. ಅವರಿಗೆ ತಿಳಿದದ್ದು ಬೇರೆ.

"ಇಷ್ಟು ದೊಡ್ಡ ಮನ್ಯಾಗ ಒಬ್ರ?" ಎಂದವರೇ ಎದುರಿನ ಕುರ್ಚಿ ಎಳೆದು ಕೂತರು. ಚೀಲದಿಂದ ಶೇಂಗಾ ಹೋಳಿಗೆ ತೆಗೆದು ನನ್ನ ಡಬ್ಬಿಗೆ ಹಾಕಿದರು. "ನನ್ನ ತಂಗಿ ನಾದಿನಿ ಒಬ್ಬಾಕಿ ಅದಾಳ, ಟೀಚರ್. ಸ್ವಂತ ಮನಿ ಇದ್ದಾವರ ಬೇಕಂತ ಹಟ ಹಿಡದು ಕುಂತಾಳ."

ಒಂದು ಗಳಿಗೆ ಸುಮ್ಮನಿದ್ದುಬಿಡೋಣವೇ ಅನ್ನಿಸಿದ್ದೂ ಹೌದು. ಕಡೆಗೆ ನಾನು ಮನೆ ಮಾರುವವನು, ನನ್ನದು ಬಾಡಿಗೆ ಖೋಲಿ ಎಂದು ಹೇಳಿದೆ. ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಇನ್ನೊಂದು ಹೋಳಿಗೆ ಹಾಕಿದರು.

"ಹಂಗಾದ್ರ ಹೆಣ್ಣಿಗೇ ಸ್ವಂತ ಮನಿ ಇದ್ದಲ್ಲಿ ನೋಡೂಣು. ಒಬ್ಬಾಕಿ ಅದಾಳ್ರಿ, ಲಂಡನ್‌ನ್ಯಾಗ ನರ್ಸ್."

ಅಷ್ಟರಲ್ಲಿ ನನ್ನೊಳಗಿನ ಮಾರುವವನು ಬಾಯಿ ಹಾಕಿದ. "ಅವ್ವಾರ, ಅಲ್ಲಿ ಮನಿ ಭಾಳ ತುಟ್ಟಿರಿ. ಸ್ವಂತ ಮನಿ ಅಂದ್ರೂ ಒಂದ ಖೋಲಿ ಇರ್ತೈತಿ, ಅಷ್ಟ."

"ಮತ್ತ ಚಲೋ ಆತಲ್ರಿ!" ಎಂದು ಅವರು ಮೇಜು ತಟ್ಟಿದರು. "ಜಗಳಾಡಿದ್ರೂ ಸಿಟ್ಟು ಮಾಡ್ಕೊಂಡು ಹೋಗಿ ಕುಂದ್ರಾಕ ಇನ್ನೊಂದು ಖೋಲಿ ಇರಂಗಿಲ್ಲ!"